ಬೀರು ಮುಟ್ಟಿದರೆ ಟಪ್ ಅಂತ ಶಾಕ್: ವೈರಿಂಗ್ ತಪ್ಪಾ, ಬೇರೆ ಏನಾದರೂ ಇದೆಯಾ?

ಕಡಲೂರಿನವಳು
ಎಲ್ಲರಿಗೂ ನಮಸ್ಕಾರ. ನಾನು ಹುಟ್ಟಿ ಬೆಳೆದದ್ದು ಮಂಗಳೂರಿನಲ್ಲಿ. ಮನೆಯವರಿಗೆ ವರ್ಗವಾಗಿ ನವೆಂಬರ್‌ನಲ್ಲಿ ಕಲಬುರಗಿಗೆ ಬಂದೆವು. ಡಿಸೆಂಬರ್ ಕೊನೆಯಿಂದ ಒಂದು ಕಾಟ ಶುರುವಾಗಿದೆ. ಬೆಳಿಗ್ಗೆ ಹಾಸಿಗೆಯಿಂದ ಎದ್ದು ಕಬ್ಬಿಣದ ಬೀರು ಮುಟ್ಟಿದರೆ ಟಪ್ ಅಂತ ಶಾಕ್. ಕಿಟಕಿ ಸರಳಿಗೂ ಹಾಗೇ. ಕತ್ತಲಲ್ಲಿ ರಗ್ಗು ಕೊಡವಿದರೆ ಕಿಡಿ ಕಾಣುತ್ತದೆ. ಮಗಳ ಕೆನ್ನೆ ಮುಟ್ಟಲು ಹೋದರೆ ಅವಳಿಗೂ ಶಾಕ್, ಅಳುತ್ತಾಳೆ. ಬಚ್ಚಲಲ್ಲಿ ನಲ್ಲಿ ತಿರುಗಿಸುವಾಗಲೂ ಒಮ್ಮೊಮ್ಮೆ ಜುಮ್ ಅನ್ನುತ್ತದೆ.

ಒಬ್ಬ ಎಲೆಕ್ಟ್ರಿಷಿಯನ್ ಕರೆಸಿದೆವು. ಅರ್ಥಿಂಗ್ ಸರಿಯಿಲ್ಲ ಎಂದು ಹಿತ್ತಲಲ್ಲಿ ಹೊಸ ಗುಂಡಿ ತೋಡಿ, ಉಪ್ಪು ಇದ್ದಿಲು ತುಂಬಿ, 4,500 ರೂಪಾಯಿ ತೆಗೆದುಕೊಂಡು ಹೋದರು. ಮರುದಿನ ಬೆಳಿಗ್ಗೆ ಬೀರು ಮುಟ್ಟಿದೆ, ಮತ್ತೆ ಟಪ್! ಎಂಟನೇ ಕ್ಲಾಸಿನ ಮಗ "ಅಮ್ಮಾ, ಇದು ಸ್ಥಿರ ವಿದ್ಯುತ್, ನಮ್ಮ ಪಾಠದಲ್ಲಿದೆ" ಅನ್ನುತ್ತಾನೆ. ಮಂಗಳೂರಿನಲ್ಲಿ ನಲವತ್ತು ವರ್ಷ ಇದ್ದೆ, ಒಂದು ದಿನವೂ ಹೀಗೆ ಆಗಿರಲಿಲ್ಲ. ದಯವಿಟ್ಟು ತಿಳಿದವರು ಹೇಳಿ.

ಮಿನಿಯಾಪೊಲಿಸ್ ಕನ್ನಡಿಗ
ಮಗ ಹೇಳಿದ್ದು ಸರಿ ಅಕ್ಕಾ. ಇಲ್ಲಿ ಚಳಿಗಾಲ ಪೂರ್ತಿ ಇದೇ ಕಥೆ. ಹೊರಗೆ ಮೈನಸ್ ಇಪ್ಪತ್ತು ಡಿಗ್ರಿ. ಅಷ್ಟು ತಣ್ಣನೆಯ ಗಾಳಿಯಲ್ಲಿ ನೀರಿನಂಶ ಬಹಳ ಕಡಿಮೆ. ಅದೇ ಗಾಳಿಯನ್ನು ಮನೆಯೊಳಗೆ ಕಾಯಿಸಿದರೆ ಇನ್ನೂ ಒಣಗಿದಂತೆ. ಸ್ವಿಚ್ ಬೋರ್ಡಿನ ಸ್ಕ್ರೂ ಮುಟ್ಟಿದರೂ ಕಿಡಿ ಹಾರುತ್ತದೆ.

ಕೊಪ್ಪಳದ ಹುಡುಗ
ಉಜ್ಜಿದರೆ ವಿದ್ಯುತ್ ಹುಟ್ಟುತ್ತದೆ. ರಗ್ಗು ಮೈಗೆ ಉಜ್ಜಿದಾಗ ಹುಟ್ಟುತ್ತದೆ, ಬೀರು ಮುಟ್ಟಿದಾಗ ಹೋಗುತ್ತದೆ. ಅಷ್ಟೇ ವಿಷಯ.

ದಾವಣಗೆರೆ ಮೇಷ್ಟ್ರು
ಹುಟ್ಟುವುದಿಲ್ಲ ತಮ್ಮಾ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತದೆ. ಈ ಒಂದು ಮಾತು ಮಕ್ಕಳ ತಲೆಗೆ ಹೋದರೆ ಪಾಠ ಅರ್ಧ ಮುಗಿದ ಹಾಗೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಪ್ರತಿ ವಸ್ತುವಿನಲ್ಲೂ ಧನ, ಋಣ ಎಂಬ ಎರಡು ಜಾತಿಯ ಚಾರ್ಜ್ ಸಮ ಸಮ ಇರುತ್ತವೆ. ಎರಡು ಬೇರೆ ಬೇರೆ ವಸ್ತು ಒಂದಕ್ಕೊಂದು ತಾಗಿ ಬೇರೆಯಾದಾಗ ಒಂದರಿಂದ ಋಣ ಚಾರ್ಜಿನ ಕೆಲವು ಎಲೆಕ್ಟ್ರಾನ್‌ಗಳು ಇನ್ನೊಂದಕ್ಕೆ ದಾಟುತ್ತವೆ. ಕೊಟ್ಟದ್ದು ಧನ ಆಗುತ್ತದೆ, ತೆಗೆದುಕೊಂಡದ್ದು ಋಣ. ಗಾಜಿನ ಕಡ್ಡಿಯನ್ನು ರೇಷ್ಮೆಗೆ ಉಜ್ಜಿದರೆ ಗಾಜು ಧನ, ರೇಷ್ಮೆ ಋಣ. ಎಬೊನೈಟ್ ಎಂಬ ಗಟ್ಟಿ ರಬ್ಬರಿನ ಕಡ್ಡಿಯನ್ನು ಉಣ್ಣೆಗೆ ಉಜ್ಜಿದರೆ ಕಡ್ಡಿಯೇ ಋಣ. ಎರಡನ್ನೂ ಕೂಡಿ ಲೆಕ್ಕ ಹಾಕಿದರೆ ಮೊದಲಿದ್ದಷ್ಟೇ. ಒಂದು ಎಲೆಕ್ಟ್ರಾನ್ ಕೂಡ ಹೊಸದಾಗಿ ಹುಟ್ಟಿಲ್ಲ.

ಉಜ್ಜಲೇಬೇಕು ಅಂತಲೂ ಇಲ್ಲ. ತಾಗಿ ಬಿಟ್ಟರೂ ಸಾಕು. ಉಜ್ಜಿದರೆ ಹೆಚ್ಚು ಜಾಗ ತಾಗುತ್ತದೆ, ಅಷ್ಟೇ ವ್ಯತ್ಯಾಸ.

ಲೈನ್‌ಮನ್ ಮಗ
ಅಕ್ಕಾ, ಒಂದು ನಿಮಿಷ. ಎಲ್ಲರೂ ಬೀರುವಿನ ಹಿಂದೆ ಬಿದ್ದಿದ್ದಾರೆ. ನೀವು ಕೊನೆಯಲ್ಲಿ ಹೇಳಿದ ನಲ್ಲಿ ವಿಷಯ ನನಗೆ ಹೆದರಿಕೆ ತರುತ್ತಿದೆ. ಬಚ್ಚಲಲ್ಲಿ ನೆಲ ಒದ್ದೆ, ಕಾಲು ಒದ್ದೆ, ಗಾಳಿಯೂ ತೇವ. ಅಲ್ಲಿ ಸ್ಥಿರ ವಿದ್ಯುತ್ ನಿಲ್ಲುವುದೇ ಇಲ್ಲ. ಗೀಜರ್ ಇದೆಯಾ? ಜುಮ್ ಅನ್ನುವುದು ಗೀಜರ್ ಹಾಕಿದಾಗ ಮಾತ್ರವಾ?

ಗುರುತು ಹಿಡಿಯುವುದು ಹೀಗೆ. ಟಪ್ ಅಂತ ಒಂದೇ ಸಲ ಹೊಡೆದು, ಕೈ ತೆಗೆಯದಿದ್ದರೂ ಸುಮ್ಮನಾದರೆ ಸ್ಥಿರ ವಿದ್ಯುತ್. ಮುಟ್ಟಿರುವಷ್ಟು ಹೊತ್ತೂ ಜುಮ್ ಜುಮ್ ಅನ್ನುತ್ತಿದ್ದರೆ ಲೈನ್ ಸೋರುತ್ತಿದೆ ಅಂತ ಅರ್ಥ. ಪರೀಕ್ಷೆ ಮಾಡಲು ಮತ್ತೆ ಮುಟ್ಟಬೇಡಿ. ಉತ್ತರ ಸಿಗುವ ತನಕ ಗೀಜರ್ ಆಫ್ ಮಾಡಿಟ್ಟು ಒಲೆಯ ಮೇಲೆ ನೀರು ಕಾಯಿಸಿಕೊಳ್ಳಿ.

ಕಡಲೂರಿನವಳು
ಗೀಜರ್ ಇದೆ. ಅದು ಹಾಕಿದಾಗ ಮಾತ್ರವಾ ಎಂದು ಗಮನಿಸಿಲ್ಲ. ಈಗಲೇ ಆಫ್ ಮಾಡಿದೆ. ಮಕ್ಕಳಿಗೂ ಹೇಳಿದ್ದೇನೆ.

ಬೋರ್ಡ್ ರಿಪೇರಿ
ಲೈನ್‌ಮನ್ ಮಗ ಹೇಳಿದ್ದಕ್ಕೆ ನನ್ನದೂ ಒಂದು ಸೇರಿಸುತ್ತೇನೆ. ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬಿದ್ದು ಲೈನ್ ಕಡಿಯುವ ಸ್ವಿಚ್) ಇದೆಯಾ ನೋಡಿ. ಅದರ ಮೇಲೆ ಟೆಸ್ಟ್ ಎಂಬ ಗುಂಡಿ ಇರುತ್ತದೆ. ಒತ್ತಿದರೆ ಬೀಳಬೇಕು. ಬೀಳದಿದ್ದರೆ ಅದು ಇದ್ದೂ ಇಲ್ಲದಂತೆ.

ಇನ್ನು ಬೀರು. ಅದಕ್ಕೂ ಮನೆಯ ವೈರಿಂಗ್‌ಗೂ ಸಂಬಂಧವೇ ಇಲ್ಲ, ಅಲ್ವಾ? ಅದಕ್ಕೆ ಒಂದು ವೈರೂ ಹೋಗಿಲ್ಲ. ಚಾರ್ಜ್ ಇರುವುದು ಬೀರುವಿನಲ್ಲಲ್ಲ, ನಿಮ್ಮ ಮೈಯಲ್ಲಿ. ಹಿತ್ತಲಲ್ಲಿ ಎಷ್ಟು ಗುಂಡಿ ತೋಡಿದರೂ ಈ ಟಪ್ ನಿಲ್ಲುವುದಿಲ್ಲ.

ಕೊಪ್ಪಳದ ಹುಡುಗ
ಮೈಯಲ್ಲಿ ಹೇಗೆ ಇರುತ್ತದೆ? ನಮ್ಮ ಮೈ ವಾಹಕ, ಅಂದರೆ ವಿದ್ಯುತ್ ಹರಿಯಲು ಬಿಡುತ್ತದೆ. ಚಾರ್ಜ್ ಕಾಲಿನ ಮೂಲಕ ನೆಲಕ್ಕೆ ಹೋಗಬೇಕಲ್ಲ?

ಬೋರ್ಡ್ ರಿಪೇರಿ
ಹೋಗಲು ದಾರಿ ಇದ್ದರೆ ಹೋಗುತ್ತದೆ. ಕಾಲಲ್ಲಿ ರಬ್ಬರ್ ಚಪ್ಪಲಿ ಇದ್ದರೆ ದಾರಿ ಕಟ್. ಮೈ ವಾಹಕ ಆಗಿರುವುದರಿಂದಲೇ ಶಾಕ್ ಅಷ್ಟು ಚುರುಕು: ಮೈಯಲ್ಲೆಲ್ಲ ಹರಡಿದ್ದ ಚಾರ್ಜ್ ಅಷ್ಟೂ ಒಂದೇ ಬೆರಳ ತುದಿಗೆ ಓಡಿ ಬಂದು ಹಾರುತ್ತದೆ. ಪ್ಲಾಸ್ಟಿಕ್ ಬಾಚಣಿಗೆಯಲ್ಲಿ ಹಾಗಾಗುವುದಿಲ್ಲ. ಅವಾಹಕದಲ್ಲಿ ಚಾರ್ಜ್ ಕೂತಲ್ಲೇ ಕೂತಿರುತ್ತದೆ. ಮುಟ್ಟಿದ ಜಾಗದ್ದು ಮಾತ್ರ ಹೋಗುತ್ತದೆ.

ಸೇಡಂ ರಸ್ತೆ
ನಾನೂ ಕಲಬುರಗಿಯವನೇ. ಅಕ್ಕಾ, ನಿಮ್ಮ ಮನೆ ನೆಲ ಟೈಲ್ಸಾ, ಶಹಾಬಾದ್ ಕಲ್ಲಾ? ನಮ್ಮ ಹಳೇ ಮನೆಯಲ್ಲಿ ಶಹಾಬಾದ್ ಕಲ್ಲು, ಎಲ್ಲರೂ ಬರಿಗಾಲು, ಹತ್ತಿಯ ಕೌದಿ. ಈ ಕಾಟ ಗೊತ್ತೇ ಇರಲಿಲ್ಲ. ಹೊಸ ಮನೆಗೆ ಬಂದು ಪಾಲಿಯೆಸ್ಟರ್ ರಗ್ಗು, ರೆಕ್ಸಿನ್ ಸೋಫಾ, ಮನೆಯೊಳಗೂ ಚಪ್ಪಲಿ ಅಂತ ಆದ ಮೇಲೆ ಶುರುವಾಯಿತು. ಗಾಳಿ ಆಗಲೂ ಇಷ್ಟೇ ಒಣ ಇತ್ತು.

ಬೋರ್ಡ್ ರಿಪೇರಿ
ಇದು ಬಹಳ ಒಳ್ಳೆಯ ಮಾತು. ಕಲ್ಲು ತಾಮ್ರದಂತೆ ವಾಹಕ ಅಲ್ಲ. ಆದರೆ ಸ್ಥಿರ ಚಾರ್ಜ್ ಇಳಿಯಲು ತಾಮ್ರದ ತಂತಿಯೇ ಬೇಕಿಲ್ಲ. ನೂರು ಕೋಟಿ ಓಮ್ ತಡೆ ಇದ್ದರೂ ಮೈಮೇಲಿನ ಚಾರ್ಜ್ ಅರೆಕ್ಷಣದಲ್ಲಿ ಇಳಿದು ಹೋಗುತ್ತದೆ. ವಾಹಕ, ಅವಾಹಕ ಎಂದು ಎರಡೇ ಗುಂಪು ಮಾಡಿ ಕಲಿಸುತ್ತಾರೆ, ನಡುವೆ ದೊಡ್ಡ ಊರೇ ಇದೆ. ಒಣ ಮರ, ಒದ್ದೆ ಮರ, ಕಲ್ಲು, ಹತ್ತಿ, ಚರ್ಮ ಎಲ್ಲ ಅಲ್ಲಿವೆ.

ದಾವಣಗೆರೆ ಮೇಷ್ಟ್ರು
ಒಪ್ಪುತ್ತೇನೆ ಸರ್. ಆದರೂ ಎಂಟನೇ ಕ್ಲಾಸಿಗೆ ಮೊದಲು ಎರಡು ಗುಂಪು ಹೇಳಲೇಬೇಕು. ನಂತರ "ಒದ್ದೆಯಾದರೆ?" ಎಂದು ಕೇಳುತ್ತೇನೆ. ಆಗ ಮಕ್ಕಳೇ ನಡುವಿನ ಊರಿಗೆ ಹೋಗುತ್ತಾರೆ.

ಹಳೇ ಪುಸ್ತಕ
ಈ ವಾಹಕ-ಅವಾಹಕ ವ್ಯತ್ಯಾಸ ಸಿಕ್ಕಿದ ರೀತಿ ನನಗೆ ತುಂಬ ಇಷ್ಟ. 1729ರಲ್ಲಿ ಇಂಗ್ಲೆಂಡಿನ ಸ್ಟೀಫನ್ ಗ್ರೇ ಉಜ್ಜಿದ ಗಾಜಿನ ಕೊಳವೆಯ ಎಳೆಯುವ ಗುಣವನ್ನು ಸೆಣಬಿನ ದಾರದ ಮೂಲಕ ದೂರಕ್ಕೆ ಕಳಿಸಲು ನೋಡುತ್ತಿದ್ದರು. ಗೆಳೆಯ ಗ್ರ್ಯಾನ್‌ವಿಲ್ ವ್ಹೀಲರ್ ಜೊತೆಗಿದ್ದರು. ಸೆಣಬಿನ ದಾರವನ್ನು ರೇಷ್ಮೆ ಎಳೆಗಳಿಂದ ತೂಗು ಹಾಕಿದ್ದರು. ಚೆನ್ನಾಗಿ ನಡೆಯಿತು. ಭಾರಕ್ಕೆ ರೇಷ್ಮೆ ಕಿತ್ತುಹೋಯಿತು. ಗಟ್ಟಿ ಇರಲಿ ಎಂದು ಅದರ ಬದಲು ಹಿತ್ತಾಳೆ ತಂತಿ ಕಟ್ಟಿದರು. ಕೊಳವೆ ಎಷ್ಟು ಉಜ್ಜಿದರೂ ಆಚೆ ತುದಿಗೆ ಏನೂ ತಲುಪಲಿಲ್ಲ. ಎಲ್ಲ ಹಿತ್ತಾಳೆಯ ಮೂಲಕ ಸೋರಿಹೋಗುತ್ತಿತ್ತು. ದಪ್ಪ ಸಣ್ಣ ಅಲ್ಲ, ಯಾವ ವಸ್ತು ಎನ್ನುವುದೇ ಮುಖ್ಯ ಎಂದು ಆಗ ಗೊತ್ತಾಯಿತು.

ಮಗ್ಗದ ಮನೆ
ರೇಷ್ಮೆ ಅಂದ ಕೂಡಲೇ ಬರೆಯಬೇಕು ಅನ್ನಿಸಿತು. ನಮ್ಮದು ದೊಡ್ಡಬಳ್ಳಾಪುರ, ಪವರ್‌ಲೂಮ್. ಫೆಬ್ರವರಿ, ಮಾರ್ಚ್ ಬಂತೆಂದರೆ ಪಾಲಿಯೆಸ್ಟರ್ ನೂಲಿನ ಹಾಸು (ಮಗ್ಗದ ಉದ್ದ ಎಳೆಗಳು) ಮಾತೇ ಕೇಳುವುದಿಲ್ಲ. ಎಳೆಗಳು ಒಂದಕ್ಕೊಂದು ದೂರ ಸರಿದು ಉಬ್ಬಿಕೊಳ್ಳುತ್ತವೆ, ಸಿಕ್ಕಾಗುತ್ತವೆ, ಕಡಿಯುತ್ತವೆ. ಎಲ್ಲಾ ಎಳೆಗೂ ಒಂದೇ ಜಾತಿಯ ಚಾರ್ಜ್ ಕೂತಿರುತ್ತದೆ, ಅದಕ್ಕೇ ತಳ್ಳಾಟ. ಅಪ್ಪ ನೆಲಕ್ಕೆ ನೀರು ಚಿಮುಕಿಸಿ ಗೋಣಿಚೀಲ ಒದ್ದೆ ಮಾಡಿ ಹಾಸುತ್ತಿದ್ದರು. ಧೂಳು ಕೂರಲಿ ಅಂತ ಮಾಡುತ್ತಾರೆ ಎಂದುಕೊಂಡಿದ್ದೆ. ಚಾರ್ಜ್ ಇಳಿಯಲು ಎಂದು ಬಹಳ ವರ್ಷದ ಮೇಲೆ ತಿಳಿಯಿತು. ದೊಡ್ಡ ಮಿಲ್ಲುಗಳಲ್ಲಿ ತೇವ ಹಿಡಿದಿಡಲು ಯಂತ್ರವೇ ಇರುತ್ತದೆ.

ಕೊಪ್ಪಳದ ಹುಡುಗ
ಸರಿ, ಒಂದೇ ಜಾತಿ ತಳ್ಳುತ್ತದೆ, ಬೇರೆ ಜಾತಿ ಎಳೆಯುತ್ತದೆ. ಹಾಗಾದರೆ ನನಗೆ ಶಾಲೆಯಿಂದಲೂ ಇರುವ ಅನುಮಾನ ಕೇಳುತ್ತೇನೆ. ಬಾಚಣಿಗೆಗೆ ಚಾರ್ಜ್ ಇದೆ. ಕಾಗದದ ಚೂರಿಗೆ ಯಾರೂ ಏನೂ ಉಜ್ಜಿಲ್ಲ, ಅದರಲ್ಲಿ ಚಾರ್ಜ್ ಇಲ್ಲ. ಮತ್ತೆ ಅದು ಯಾಕೆ ಬಂದು ಅಂಟಿಕೊಳ್ಳುತ್ತದೆ? ಇದಕ್ಕೆ ನಮ್ಮ ಮೇಷ್ಟ್ರು ಉತ್ತರ ಹೇಳಲಿಲ್ಲ.

ದಾವಣಗೆರೆ ಮೇಷ್ಟ್ರು
ಕೇಳಬೇಕಾದ ಪ್ರಶ್ನೆ ಕೇಳಿದೆ ತಮ್ಮಾ. ಇಪ್ಪತ್ತು ವರ್ಷದ ಪಾಠದಲ್ಲಿ ಇದನ್ನು ಕೇಳಿದ ಮಕ್ಕಳು ಬೆರಳೆಣಿಕೆಯಷ್ಟು.

ಕಾಗದದಲ್ಲಿ ಚಾರ್ಜ್ ಇಲ್ಲ ಅಲ್ಲ, ಎರಡೂ ಸಮ ಇವೆ. ಋಣ ಚಾರ್ಜ್ ಹೊತ್ತ ಬಾಚಣಿಗೆ ಹತ್ತಿರ ಬಂದಾಗ ಕಾಗದದೊಳಗಿನ ಎಲೆಕ್ಟ್ರಾನ್‌ಗಳು ಇದ್ದಲ್ಲೇ ಕೂದಲೆಳೆಗಿಂತ ಎಷ್ಟೋ ಕಡಿಮೆ ದೂರ ಆಚೆ ವಾಲುತ್ತವೆ. ಹಾಗಾಗಿ ಬಾಚಣಿಗೆ ಕಡೆಯ ಮಗ್ಗುಲಲ್ಲಿ ಧನ ಜಾಸ್ತಿ, ಆಚೆ ಮಗ್ಗುಲಲ್ಲಿ ಋಣ ಜಾಸ್ತಿ. ಈಚೆಯದನ್ನು ಬಾಚಣಿಗೆ ಎಳೆಯುತ್ತದೆ, ಆಚೆಯದನ್ನು ತಳ್ಳುತ್ತದೆ. 1785ರಲ್ಲಿ ಕೂಲಂಬ್ ತೋರಿಸಿಕೊಟ್ಟಂತೆ ದೂರ ಎರಡರಷ್ಟಾದರೆ ಬಲ ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ಹತ್ತಿರದ ಎಳೆತವೇ ಗೆಲ್ಲುತ್ತದೆ. ಕಾಗದ ಹಾರಿ ಬರುತ್ತದೆ.

ಇನ್ನೊಂದು ನೋಡು. ಅಂಟಿಕೊಂಡ ಚೂರುಗಳಲ್ಲಿ ಕೆಲವು ಸ್ವಲ್ಪ ಹೊತ್ತಿಗೆ ಸಿಡಿದು ದೂರ ಹಾರುತ್ತವೆ. ತಾಗಿದ ಕಡೆ ಬಾಚಣಿಗೆಯ ಚಾರ್ಜೇ ಅವಕ್ಕೆ ದಾಟಿರುತ್ತದೆ. ಈಗ ಎರಡೂ ಒಂದೇ ಜಾತಿ.

ಅದಕ್ಕೇ ನಾನು ಮಕ್ಕಳಿಗೆ ಹೇಳುತ್ತೇನೆ: ಎಳೆದರೆ ಎರಡಕ್ಕೂ ಚಾರ್ಜ್ ಇದೆ ಅನ್ನಬೇಡಿ. ತಳ್ಳಿದರೆ ಮಾತ್ರ ಖಾತ್ರಿ.

ಕೊಪ್ಪಳದ ಹುಡುಗ
ಹನ್ನೆರಡು ವರ್ಷದ ಮೇಲೆ ಉತ್ತರ ಸಿಕ್ಕಿತು ಸರ್. ಧನ್ಯವಾದ. ಈಗಲೇ ಬಾಚಣಿಗೆ ತಂದು ನೋಡಿದೆ, ಚೂರು ನಿಜಕ್ಕೂ ಸಿಡಿಯುತ್ತದೆ!

ಸುಳ್ಯದಿಂದ
ನಮ್ಮ ಕಡೆ ಜೂನ್‌ನಲ್ಲಿ ಈ ಪ್ರಯೋಗ ಮಾಡಿದರೆ ಬಾಚಣಿಗೆ ಒಂದು ಚೂರನ್ನೂ ಎತ್ತುವುದಿಲ್ಲ. ಮಕ್ಕಳು ಪುಸ್ತಕವೇ ಸುಳ್ಳು ಅನ್ನುತ್ತಾರೆ.

ದಾವಣಗೆರೆ ಮೇಷ್ಟ್ರು
ಮಳೆಗಾಲದಲ್ಲಿ ಎಲ್ಲದರ ಮೇಲೂ ಕಣ್ಣಿಗೆ ಕಾಣದಷ್ಟು ತೆಳು ನೀರಿನ ಪದರ ಕೂರುತ್ತದೆ. ಅದರ ಮೇಲೆ ಚಾರ್ಜ್ ಜಾರಿಹೋಗುತ್ತದೆ. ಕಡಲೂರಿನ ಅಕ್ಕನಿಗೆ ಮಂಗಳೂರಿನಲ್ಲಿ ಒಂದು ಸಲವೂ ಶಾಕ್ ಆಗದ್ದಕ್ಕೆ ಇದೇ ಕಾರಣ. ಆ ಪಾಠವನ್ನು ಜನವರಿಗೆ ಇಟ್ಟುಕೊಳ್ಳಿ. ಇಲ್ಲವೇ ಬಾಚಣಿಗೆ, ಬಟ್ಟೆ, ಕಾಗದ ಮೂರನ್ನೂ ಬಿಸಿಲಿಗಿಟ್ಟು ಚೆನ್ನಾಗಿ ಒಣಗಿಸಿ.

ಕನ್ನಡ ಮೊದಲು
ಚಾರ್ಜ್‌ಗೆ ಕನ್ನಡದಲ್ಲಿ "ಆವೇಶ" ಎಂಬ ಪದ ಯಾರು ಇಟ್ಟರೋ. ಆವೇಶ ಅಂದರೆ ಮೈಮೇಲೆ ದೇವರು ಬರುವುದು, ಇಲ್ಲವೇ ಸಿಟ್ಟು. ಮಕ್ಕಳಿಗೆ ಬರೀ ಗೊಂದಲ. ಚಾರ್ಜ್ ಅಂದರೆ ಸಾಕಲ್ಲ?

ದಾವಣಗೆರೆ ಮೇಷ್ಟ್ರು
ಚಾರ್ಜ್ ಅಂದರೂ ಗೊಂದಲ ಇದೆ. "ಮೊಬೈಲ್ ಫುಲ್ ಚಾರ್ಜ್ ಆಗಿದೆ, ಯಾಕೆ ಕಾಗದ ಎಳೆಯಲ್ಲ?" ಎಂದು ಒಬ್ಬ ಹುಡುಗಿ ಕೇಳಿದ್ದಳು. ಬ್ಯಾಟರಿಯಲ್ಲಿ ತುಂಬುವುದು ಶಕ್ತಿ. ಒಟ್ಟು ಲೆಕ್ಕದಲ್ಲಿ ಬ್ಯಾಟರಿಯ ಧನ ಋಣ ಸಮವೇ ಇರುತ್ತವೆ. ನನಗಂತೂ ಆವೇಶ ಇಷ್ಟ. ಹೊರಗಿನಿಂದ ಏನೋ ಬಂದು ಹೊಕ್ಕಿತು ಎಂಬ ಅರ್ಥ ಅದರಲ್ಲೇ ಇದೆ.

ಹಳೇ ಪುಸ್ತಕ
ಪದದ ವಿಷಯ ಬಂತಲ್ಲ. ಅಂಬರ್ ಎಂಬ ಗೋಂದಿನ ಕಲ್ಲಿಗೆ ಗ್ರೀಕರು ಎಲೆಕ್ಟ್ರಾನ್ ಅನ್ನುತ್ತಿದ್ದರು. ಉಜ್ಜಿದರೆ ಅದು ಹುಲ್ಲುಕಡ್ಡಿ ಎಳೆಯುತ್ತದೆ. ಅದರಿಂದಲೇ 1600ರಲ್ಲಿ ವಿಲಿಯಂ ಗಿಲ್ಬರ್ಟ್ "ಎಲೆಕ್ಟ್ರಿಕ್" ಪದದ ಮೂಲ ರೂಪ ಬಳಸಿದರು. ಸಂಸ್ಕೃತದಲ್ಲಿ ಅದಕ್ಕೆ ತೃಣಮಣಿ ಎಂಬ ಹೆಸರಿದೆ. ತೃಣ ಅಂದರೆ ಹುಲ್ಲು. ಪಾರಸಿಯ ಕಹ್‌ರುಬಾ ಕೂಡ ಹುಲ್ಲು ಸೆಳೆಯುವುದು ಎಂದೇ. ನಮ್ಮ ಕಡೆಯವರೂ ಇದನ್ನು ಉಜ್ಜಿ ನೋಡಿದ್ದರು ಎಂದು ಹೆಸರೇ ಹೇಳುತ್ತದೆ.

ಬಂಕ್ ಅಣ್ಣ
ಶಾಕ್ ಹೊಡೆದರೆ ಏನಾಗುತ್ತದೆ, ಸುಮ್ನೆ ಟಪ್ ಅನ್ನುತ್ತದೆ ಅಷ್ಟೇ ಅಲ್ವಾ? ಎಷ್ಟು ವೋಲ್ಟ್ ಇರುತ್ತದೆ?

ಬೋರ್ಡ್ ರಿಪೇರಿ
ಕೈಗೆ ಗೊತ್ತಾಗುವ ಶಾಕ್ ಅಂದರೆ ಸುಮಾರು 3,000 ವೋಲ್ಟ್ ದಾಟಿದೆ. ರಗ್ಗಿನಿಂದ ಎದ್ದು ಬಂದಾಗ 5,000, 10,000 ಕೂಡ ಇರಬಹುದು.

ಸೇಡಂ ರಸ್ತೆ
230 ವೋಲ್ಟ್ ಸಾಯಿಸುತ್ತದೆ, 10,000 ವೋಲ್ಟ್ ಟಪ್ ಅನ್ನುತ್ತದೆ. ಅಂದರೆ ವೋಲ್ಟ್‌ನಿಂದ ಏನೂ ಆಗಲ್ಲ, ಕರೆಂಟ್‌ನಿಂದ ಮಾತ್ರ ಸಾವು.

ಬೋರ್ಡ್ ರಿಪೇರಿ
ಹಾಗೆ ಬಿಡಿಸಿ ಹೇಳುವುದು ಅಪಾಯ ಅಣ್ಣಾ. ಕರೆಂಟನ್ನು ತಳ್ಳುವುದು ವೋಲ್ಟೇ. ಸಂಗ್ರಹ ಎಷ್ಟಿದೆ ಎಂಬುದರಲ್ಲಿ ವ್ಯತ್ಯಾಸ. 5,000 ವೋಲ್ಟ್ ಇದ್ದಾಗಲೂ ಮೈಮೇಲೆ ಹೆಚ್ಚಾಗಿ ಇರುವುದು ಮೂರು ಲಕ್ಷ ಕೋಟಿ ಎಲೆಕ್ಟ್ರಾನ್‌ನಷ್ಟು ಏರುಪೇರು. ಕೇಳಲು ದೊಡ್ಡದು, ಆದರೆ ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಬೇಗ ಖಾಲಿ. ಮನೆಯ ಲೈನ್ ಹಿಂದೆ ಇಡೀ ವಿದ್ಯುತ್ ಕೇಂದ್ರವೇ ಇದೆ, ಅದು ಖಾಲಿಯಾಗುವುದಿಲ್ಲ.

ಬಂಕ್ ಅಣ್ಣಾ, ನಿಮ್ಮ ಕೆಲಸದ ಜಾಗದಲ್ಲಿ ಇದು ಸುಮ್ನೆ ಅಲ್ಲ. ಆ ಕಿಡಿಯಲ್ಲಿ ಒಂದು ಮಿಲಿಜೂಲ್ ಶಕ್ತಿ ಇರಬಹುದು. ಪೆಟ್ರೋಲ್ ಆವಿ ಹೊತ್ತಿಕೊಳ್ಳಲು ಅದರ ಕಾಲು ಭಾಗ ಸಾಕು.

ಬಂಕ್ ಅಣ್ಣ
ಗೊತ್ತಾಯಿತು ಸರ್. ಟ್ಯಾಂಕರ್ ಬಂದಾಗ ಮೊದಲು ಅರ್ಥ್ ವೈರಿನ ಕ್ಲಿಪ್ ಹಾಕಿಯೇ ಪೈಪ್ ಜೋಡಿಸುತ್ತೇವೆ. ಯಾಕೆ ಎಂದು ಯಾರೂ ಬಿಡಿಸಿ ಹೇಳಿರಲಿಲ್ಲ. ಪೈಪಿನಲ್ಲಿ ಎಣ್ಣೆ ಹರಿದರೂ ಚಾರ್ಜ್ ಆಗುತ್ತದೆಯಾ?

ಬೋರ್ಡ್ ರಿಪೇರಿ
ಆಗುತ್ತದೆ. ಪೆಟ್ರೋಲ್ ಒಳ್ಳೆಯ ಅವಾಹಕ. ಪೈಪಿಗೆ ತಾಗಿ ಹರಿಯುವಾಗ ಚಾರ್ಜ್ ಹೊತ್ತುಕೊಂಡು ಹೋಗುತ್ತದೆ. ಕ್ಯಾನಿಗೆ ಹಾಕಿಸುವವರಿಗೂ ಹೇಳಿ: ಕ್ಯಾನ್ ಗಾಡಿಯ ಮೇಲೋ ಕೈಯಲ್ಲೋ ಬೇಡ, ನೆಲದ ಮೇಲೆ ಇಟ್ಟೇ ತುಂಬಿಸಬೇಕು.

ಶಕ್ತಿನಗರ
ಉಪಕಾರವೂ ಇದೆ. ಕಲ್ಲಿದ್ದಲಿನ ವಿದ್ಯುತ್ ಕೇಂದ್ರದ ಚಿಮಣಿಗೆ ಹೊಗೆ ಹೋಗುವ ಮುಂಚೆ ಹತ್ತಾರು ಸಾವಿರ ವೋಲ್ಟಿನ ತಂತಿಗಳ ನಡುವೆ ಹಾಯಿಸುತ್ತಾರೆ. ಬೂದಿಯ ಕಣಗಳಿಗೆ ಚಾರ್ಜ್ ಬಂದು ಪಕ್ಕದ ತಗಡುಗಳಿಗೆ ಅಂಟುತ್ತವೆ. ಸುತ್ತಿಗೆಯಿಂದ ಬಡಿದು ಕೆಳಗೆ ಬೀಳಿಸುತ್ತಾರೆ. ಅದಿಲ್ಲದಿದ್ದರೆ ರಾಯಚೂರಿನವರ ಬಟ್ಟೆ ಒಣಹಾಕಲು ಆಗುತ್ತಿರಲಿಲ್ಲ.

ಹಳೇ ಪುಸ್ತಕ
ಝೆರಾಕ್ಸ್ ಕೂಡ ಇದೇ. 1938ರ ಅಕ್ಟೋಬರ್ 22ರಂದು ಚೆಸ್ಟರ್ ಕಾರ್ಲ್‌ಸನ್ ಗಂಧಕ ಬಳಿದ ಸತುವಿನ ತಗಡನ್ನು ಕರವಸ್ತ್ರದಿಂದ ಉಜ್ಜಿ ಚಾರ್ಜ್ ಮಾಡಿ ಮೊದಲ ಪ್ರತಿ ತೆಗೆದದ್ದು.

ಮಿನಿಯಾಪೊಲಿಸ್ ಕನ್ನಡಿಗ
ಸಿಡಿಲಿನಲ್ಲಿ ಕಾರಿನೊಳಗೆ ಇದ್ದರೆ ಬಚಾವ್ ಎನ್ನುವುದು ಟೈರು ರಬ್ಬರ್ ಆದ್ದರಿಂದ ಅಲ್ವಾ?

ಲೈನ್‌ಮನ್ ಮಗ
ಅಲ್ಲ ಅಣ್ಣಾ. ಮೋಡದಿಂದ ನೆಲಕ್ಕೆ ಕಿಲೋಮೀಟರ್‌ಗಟ್ಟಲೆ ಗಾಳಿಯನ್ನು ಸೀಳಿ ಬರುವ ಸಿಡಿಲಿಗೆ ನಾಲ್ಕು ಬೆರಳು ರಬ್ಬರ್ ಯಾವ ಲೆಕ್ಕ? ಬೈಕಿಗೂ ರಬ್ಬರ್ ಟೈರಿದೆ, ಆದರೆ ಬೈಕ್ ಮೇಲಿದ್ದವರಿಗೆ ರಕ್ಷಣೆ ಇಲ್ಲ. ಕಾರಿನಲ್ಲಿ ಕಾಯುವುದು ಸುತ್ತಲಿನ ಲೋಹದ ಕವಚ. ಚಾರ್ಜ್ ಹೊರಮೈ ಮೇಲೆಯೇ ಹರಿದು ಕೆಳಗೆ ಇಳಿಯುತ್ತದೆ. 1836ರಲ್ಲಿ ಫ್ಯಾರಡೆ ಲೋಹದ ಕೋಣೆಯೊಳಗೆ ತಾವೇ ಕೂತು ಇದನ್ನು ತೋರಿಸಿದ್ದರು. ಏಪ್ರಿಲ್ ಮೇ ಮಳೆಯಲ್ಲಿ ಹೊಲದಲ್ಲಿರುವವರು ದಯವಿಟ್ಟು ಮರದ ಕೆಳಗೆ ನಿಲ್ಲಬೇಡಿ. ನನ್ನ ಅಪ್ಪ ಅಂಥ ಸಾವುಗಳನ್ನು ಕಣ್ಣಾರೆ ನೋಡಿದ್ದಾರೆ.

ಸೇಡಂ ರಸ್ತೆ
ಅಕ್ಕನ ಬೀರುವಿಗೆ ಪರಿಹಾರ ಯಾರೂ ಹೇಳಲಿಲ್ಲ.

ಬೋರ್ಡ್ ರಿಪೇರಿ
ನಾವು ಕಾರ್ಖಾನೆಯಲ್ಲಿ ಮಣಿಕಟ್ಟಿಗೆ ಪಟ್ಟಿ ಕಟ್ಟಿ ಅರ್ಥ್‌ಗೆ ಜೋಡಿಸಿಕೊಳ್ಳುತ್ತೇವೆ. ಕೈಗೆ ಗೊತ್ತೇ ಆಗದ ನೂರು ವೋಲ್ಟ್ ಕೂಡ ಕೆಲವು ಚಿಪ್‌ಗಳನ್ನು ಸುಡುತ್ತದೆ. ಆ ಪಟ್ಟಿಯಲ್ಲಿ ಹತ್ತು ಲಕ್ಷ ಓಮ್‌ನ ತಡೆ ಇರುತ್ತದೆ. ತಪ್ಪಿ ಲೈನ್ ಮುಟ್ಟಿದರೂ ಜೀವಕ್ಕೆ ಅಪಾಯವಾಗುವಷ್ಟು ಕರೆಂಟ್ ಹರಿಯದಿರಲಿ ಎಂದು. ಮನೆಯಲ್ಲಿ ಅದೆಲ್ಲ ಬೇಡ. ಅಕ್ಕಾ, ಹಾಸಿಗೆಗೆ ಹತ್ತಿಯ ಹೊದಿಕೆ, ಬರಿಗಾಲು, ಕೋಣೆಯಲ್ಲಿ ಒಂದು ಒದ್ದೆ ಬಟ್ಟೆ. ಎದ್ದ ಮೇಲೆ ಬೀರುವನ್ನು ಮೊದಲು ಕೈಯಲ್ಲಿ ಹಿಡಿದ ಬೀಗದ ಕೈಯಿಂದ ಮುಟ್ಟಿ. ಕಿಡಿ ಬೀಗದ ಕೈ ತುದಿಗೆ ಹಾರುತ್ತದೆ, ಬೆರಳಿಗೆ ಉರಿ ಆಗುವುದಿಲ್ಲ. ಕಾರಿನಿಂದ ಇಳಿಯುವಾಗ ಬಾಗಿಲಿನ ಲೋಹವನ್ನು ಹಿಡಿದುಕೊಂಡೇ ಕಾಲು ಕೆಳಗಿಡಿ.

ಕಡಲೂರಿನವಳು
ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಎಲ್ಲರಿಗೂ ಮನಸಾರೆ ಧನ್ಯವಾದ.

ರಗ್ಗು ಎತ್ತಿಟ್ಟು ಕೌದಿ ತಂದೆ. ಮನೆಯೊಳಗೆ ಚಪ್ಪಲಿ ಬಿಟ್ಟೆವು. ಮಾರ್ಚ್ ಬಂತೆಂದು ಕೂಲರ್ ಕೂಡ ಹಾಕಿದ್ದೇವೆ, ಅದರ ತೇವವೂ ಸೇರಿತು. ಬೀರು ಈಗ ಸುಮ್ಮನಿದೆ. ಮಗಳು ಮತ್ತೆ ಕೆನ್ನೆ ಕೊಡುತ್ತಾಳೆ. ಮಗ ಜಾಮ್ ಬಾಟಲಿ, ಪೇಪರ್ ಕ್ಲಿಪ್, ಅಲ್ಯುಮಿನಿಯಂ ಹಾಳೆಯಲ್ಲಿ ವಿದ್ಯುದ್ದರ್ಶಕ (ಚಾರ್ಜ್ ಇದ್ದರೆ ಎರಡು ಎಲೆ ಬಿಡಿಸಿಕೊಂಡು ತೋರಿಸುವ ಸಾಧನ) ಮಾಡಿದ್ದಾನೆ. ಕೂಲರ್ ಹಾಕಿದರೆ ವಿದ್ಯುದ್ದರ್ಶಕದ ಎಲೆಗಳು ಬೇಗ ಮುಚ್ಚಿಕೊಳ್ಳುತ್ತವೆ, ಆಫ್ ಮಾಡಿದರೆ ತುಂಬ ಹೊತ್ತು ಬಿಡಿಸಿಕೊಂಡೇ ಇರುತ್ತವೆ.

ಇನ್ನು ನಲ್ಲಿ. ಬೇರೆ ಎಲೆಕ್ಟ್ರಿಷಿಯನ್ ಬಂದು ನೋಡಿದರು. ಗೀಜರಿನ ಕಾಯಿಲ್ ಒಡೆದು ನೀರಿಗೆ ಲೈನ್ ಸೋರುತ್ತಿತ್ತು. ಬಚ್ಚಲಿನ ಪ್ಲಗ್ಗಿನ ಮೂರನೇ ವೈರನ್ನು ಯಾರೂ ಜೋಡಿಸಿಯೇ ಇರಲಿಲ್ಲ. 4,500 ರೂಪಾಯಿಯ ಹೊಸ ಅರ್ಥ್ ಗುಂಡಿ ಇತ್ತು, ಆದರೆ ಗೀಜರಿನಿಂದ ಅಲ್ಲಿಗೆ ದಾರಿಯೇ ಇರಲಿಲ್ಲ. ಮೇನ್ ಬೋರ್ಡಿನಲ್ಲಿ ಆರ್‌ಸಿಸಿಬಿಯೂ ಇರಲಿಲ್ಲ. ಎಲ್ಲ ಸರಿ ಮಾಡಿಸಿದೆವು. ಲೈನ್‌ಮನ್ ಮಗ, ಆ ಬಚ್ಚಲಲ್ಲಿ ನನ್ನ ಮಕ್ಕಳು ದಿನಾ ಸ್ನಾನ ಮಾಡುತ್ತಿದ್ದರು. ನಿಮ್ಮ ಅಪ್ಪನಿಗೂ ನನ್ನ ನಮಸ್ಕಾರ ತಿಳಿಸಿ.

ಲೈನ್‌ಮನ್ ಮಗ
ಓದಿ ಹೇಳಿದೆ ಅಕ್ಕಾ. "ತಿಂಗಳಿಗೊಮ್ಮೆ ಆ ಟೆಸ್ಟ್ ಗುಂಡಿ ಒತ್ತಲು ಹೇಳು" ಅಂದರು.